'ವೆನ್' ಬಂದರೆ ಅದು ಅಡ್ವರ್ಬ್ ಕ್ಲಾಜೇ ಅಲ್ವಾ? ಫ್ರೇಸ್ ಯಾವುದು, ಕ್ಲಾಜ್ ಯಾವುದು ಅಂತ ಗುರುತಿಸೋದು ಹೇಗೆ?

ಮಗಳು ಪುಣೆಯಲ್ಲಿ ಎಂಟನೇ ತರಗತಿ, ಅಡ್ವರ್ಬ್ ಫ್ರೇಸ್ ಮತ್ತು ಅಡ್ವರ್ಬ್ ಕ್ಲಾಜ್ ಎರಡೂ ಅವಳಿಗೆ ಒಂದೇ ಥರ ಕಾಣುತ್ತವೆ ಅಂತ ಬರೆದಿದ್ದೀರಿ. 'ಐ ನೋ ವೆನ್ ದ ಟ್ರೇನ್ ಕಮ್ಸ್' ಎಂಬ ವಾಕ್ಯದಲ್ಲಿ 'ವೆನ್' ಇದ್ದರೂ ಅದು ಅಡ್ವರ್ಬ್ ಕ್ಲಾಜ್ ಅಲ್ಲ ಅಂತ ಟೀಚರ್ ಯಾಕೆ ಹೇಳಿದರು ಅಂತಲೂ ಕೇಳಿದ್ದೀರಿ. ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಸಂಜೆ ಹೊತ್ತು ನಮ್ಮ ಕನ್ನಡ ಮನೆಗಳ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳು ಇವರು. ಈ ಪಾಠದಲ್ಲಿ ಅವರ ಕನ್ನಡವೇ ಅವರಿಗೆ ದೊಡ್ಡ ಆಸರೆ. ಅದು ಹೇಗೆ ಅಂತ ಹೇಳುತ್ತೇನೆ.

ಮೊದಲು ಒಂದು ವಾಕ್ಯ ಬಿಡಿಸಿ ನೋಡೋಣ. ಮಳೆಗಾಲದಲ್ಲಿ ಮುಂಬಯಿ ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಸ್ಟೇಷನ್ನಿನಲ್ಲಿ ಇಂಥ ಅನೌನ್ಸ್‌ಮೆಂಟ್ ಬಂತು ಅಂದುಕೊಳ್ಳಿ: 'ಬಿಕಾಸ್ ಆಫ್ ವಾಟರ್‌ಲಾಗಿಂಗ್ ಅಟ್ ಕುರ್ಲಾ, ಟ್ರೇನ್ಸ್ ಆರ್ ರನ್ನಿಂಗ್ ಟ್ವೆಂಟಿ ಮಿನಿಟ್ಸ್ ಲೇಟ್ ಬಿಟ್ವೀನ್ ಸಾಯನ್ ಅಂಡ್ ಠಾಣೆ.'

ಇಲ್ಲಿ ಕ್ರಿಯಾಪದ 'ಆರ್ ರನ್ನಿಂಗ್'. ಪ್ರಶ್ನೆ ಕೇಳಬೇಕಾದದ್ದು ಅದಕ್ಕೆ. ಎಲ್ಲಿ ಓಡುತ್ತಿವೆ? 'ಬಿಟ್ವೀನ್ ಸಾಯನ್ ಅಂಡ್ ಠಾಣೆ'. ಹೇಗೆ ಓಡುತ್ತಿವೆ? 'ಲೇಟ್'. ಎಷ್ಟು ಲೇಟ್? 'ಟ್ವೆಂಟಿ ಮಿನಿಟ್ಸ್'. ಯಾಕೆ? 'ಬಿಕಾಸ್ ಆಫ್ ವಾಟರ್‌ಲಾಗಿಂಗ್ ಅಟ್ ಕುರ್ಲಾ'. ಎಲ್ಲಿ, ಹೇಗೆ, ಎಷ್ಟು, ಯಾಕೆ, ಯಾವಾಗ ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದೆಲ್ಲ ಅಡ್ವರ್ಬಿನ ಕೆಲಸವೇ. 'ಟ್ವೆಂಟಿ ಮಿನಿಟ್ಸ್' ಮಾತ್ರ ಕ್ರಿಯಾಪದಕ್ಕಲ್ಲ, 'ಲೇಟ್' ಎಂಬ ಇನ್ನೊಂದು ಅಡ್ವರ್ಬಿಗೆ ಅಂಟಿಕೊಂಡಿದೆ. ಹಾಗೂ ಇರಬಹುದು.

ಆದರೆ 'ಅಟ್ ಕುರ್ಲಾ' ನೋಡಿ. ಊರಿನ ಹೆಸರಿದೆ ಅಂತ ಮಕ್ಕಳು ತಕ್ಷಣ 'ಎಲ್ಲಿ' ಅಂತ ಬರೆದುಬಿಡುತ್ತಾರೆ. ರೈಲುಗಳು ಕುರ್ಲಾದಲ್ಲಿ ಓಡುತ್ತಿವೆ ಅಂತ ವಾಕ್ಯ ಹೇಳುತ್ತಿಲ್ಲವಲ್ಲ. ಯಾವ ನೀರು? ಕುರ್ಲಾದಲ್ಲಿ ನಿಂತ ನೀರು. 'ಯಾವ' ಅನ್ನುವುದಕ್ಕೆ ಉತ್ತರ ಕೊಟ್ಟರೆ ಅದು ಅಡ್ಜೆಕ್ಟಿವ್ ಫ್ರೇಸ್. ಅದಕ್ಕೇ ಪ್ರಶ್ನೆಯನ್ನು ಯಾವ ಪದಕ್ಕೆ ಕೇಳುತ್ತಿದ್ದೇವೆ ಅನ್ನುವುದು ಬಹಳ ಮುಖ್ಯ.

ಇನ್ನು ಫ್ರೇಸ್, ಕ್ಲಾಜ್ ವಿಚಾರ. 'ಬಿಕಾಸ್ ಆಫ್ ವಾಟರ್‌ಲಾಗಿಂಗ್' ಬದಲು 'ಬಿಕಾಸ್ ದ ಟ್ರ್ಯಾಕ್ಸ್ ವರ್ ಅಂಡರ್ ವಾಟರ್' ಅಂತ ಹಾಕಿ. ಪ್ರಶ್ನೆ ಬದಲಾಗಲಿಲ್ಲ, ಈಗಲೂ 'ಯಾಕೆ'. ಬದಲಾದದ್ದು ಒಳಗಿನ ಕಟ್ಟು. ಈಗ ಅದರೊಳಗೆ 'ಟ್ರ್ಯಾಕ್ಸ್' ಎಂಬ ಕರ್ತೃ ಇದೆ, 'ವರ್' ಎಂಬ ಕ್ರಿಯಾಪದ ಇದೆ. ಹಾಗಾಗಿ ಕ್ಲಾಜ್. 'ಆಫ್ಟರ್ ಡಿನ್ನರ್' ಫ್ರೇಸ್, 'ಆಫ್ಟರ್ ವಿ ಏಟ್' ಕ್ಲಾಜ್. 'ಟು ಕ್ಯಾಚ್ ದ ಟ್ರೇನ್' ಕೂಡ ಶಾಲೆಯ ಲೆಕ್ಕದಲ್ಲಿ ಫ್ರೇಸೇ, ಅದಕ್ಕೆ ತನ್ನದೇ ಕರ್ತೃ ಇಲ್ಲ. ಅಡ್ವರ್ಬ್ ಹೌದೋ ಅಲ್ಲವೋ ಅಂತ ಹೇಳುವುದು ಪ್ರಶ್ನೆ. ಫ್ರೇಸೋ ಕ್ಲಾಜೋ ಅಂತ ಹೇಳುವುದು ಒಳಗಿನ ಕರ್ತೃ ಮತ್ತು ಕ್ರಿಯಾಪದ. ಇವೆರಡನ್ನೂ ಒಟ್ಟಿಗೆ ಹುಡುಕಲು ಹೋದಾಗಲೇ ಮಕ್ಕಳಿಗೆ ಗೊಂದಲ ಆಗೋದು. ಬೇರೆ ಬೇರೆಯಾಗಿ ಕೇಳಿಸಿ.

ಈಗ ನಿಮ್ಮ 'ವೆನ್'. ಮೂರು ವಾಕ್ಯ ತಗೊಳ್ಳಿ.

'ಕಾಲ್ ಮಿ ವೆನ್ ದ ಟ್ರೇನ್ ಕಮ್ಸ್.' ಯಾವಾಗ ಫೋನ್ ಮಾಡಬೇಕು? ರೈಲು ಬಂದಾಗ. ಇದು ಅಡ್ವರ್ಬ್ ಕ್ಲಾಜ್.

'ಐ ನೋ ವೆನ್ ದ ಟ್ರೇನ್ ಕಮ್ಸ್.' ಯಾವಾಗ ಗೊತ್ತು ಅಂತ ಕೇಳಿ ನೋಡಿ, ಹೊಂದುವುದೇ ಇಲ್ಲ. ಏನು ಗೊತ್ತು? ರೈಲು ಯಾವಾಗ ಬರುತ್ತೆ ಅಂತ. 'ಏನು' ಅನ್ನುವುದಕ್ಕೆ ಉತ್ತರ, ಆದ್ದರಿಂದ ನೌನ್ ಕ್ಲಾಜ್. ನಿಮ್ಮ ಟೀಚರ್ ಹೇಳಿದ್ದು ಸರಿ.

'ಐ ರಿಮೆಂಬರ್ ದ ಡೇ ವೆನ್ ದ ಟ್ರೇನ್ಸ್ ಸ್ಟಾಪ್ಡ್.' ಯಾವ ದಿನ? ರೈಲುಗಳು ನಿಂತ ದಿನ. ಇದು ಅಡ್ಜೆಕ್ಟಿವ್ ಕ್ಲಾಜ್. (ಮುಂಬಯಿಯವರಿಗೆ ಯಾವ ದಿನ ಅಂತ ಬಿಡಿಸಿ ಹೇಳಬೇಕಿಲ್ಲ. 2005ರ ಜುಲೈ 26, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಿತ್ತು.)

ಗಮನಿಸಿದಿರಾ? ಇಂಗ್ಲಿಷಿನಲ್ಲಿ ಮೂರು ಕಡೆಯೂ ಅದೇ 'ವೆನ್'. ಕನ್ನಡದಲ್ಲಿ 'ಬಂದಾಗ', 'ಯಾವಾಗ ಬರುತ್ತೆ ಅಂತ', 'ನಿಂತ ದಿನ'. ಮೂರಕ್ಕೂ ಬೇರೆ ಬೇರೆ ರೂಪ. ಕನ್ನಡ ಬಲ್ಲ ಮಗು ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡರೆ ಉತ್ತರ ತಾನಾಗಿಯೇ ಹೊರಬರುತ್ತದೆ. ಇಂಗ್ಲಿಷ್ ಕಲಿಯುವಾಗ ಕನ್ನಡ ಬಿಟ್ಟುಬಿಡಿ ಅಂತ ಹೇಳುವವರ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

'ಇಫ್' ಇನ್ನೂ ಸೊಗಸು. 'ಟೆಲ್ ಮಿ ಇಫ್ ಹಿ ಕಮ್ಸ್' ಅಂದರೆ 'ಅವನು ಬಂದರೆ ಹೇಳು' ಅಂತಲೂ ಆಗುತ್ತೆ, 'ಅವನು ಬರ್ತಾನಾ ಅಂತ ಹೇಳು' ಅಂತಲೂ ಆಗುತ್ತೆ. ಮೊದಲನೆಯದು ಅಡ್ವರ್ಬ್, ಎರಡನೆಯದು ನೌನ್. ಇದು ಸುಮ್ನೆ ಪರೀಕ್ಷೆಗೆ ಬೇಕಾದ ಹೆಸರಿನ ವಿಚಾರ ಅಲ್ಲ. ಯಾವಾಗ, ಏನಾದರೆ ಅನ್ನುವುದಕ್ಕೆ ಉತ್ತರ ಕೊಡುವ ಅಡ್ವರ್ಬ್ ಕ್ಲಾಜಿನಲ್ಲಿ ಮುಂದೆ ನಡೆಯುವುದರ ಮಾತಿದ್ದರೂ ಸಾಮಾನ್ಯವಾಗಿ 'ವಿಲ್' ಬರುವುದಿಲ್ಲ. 'ವೆನ್ ಹಿ ವಿಲ್ ಕಮ್, ಐ ವಿಲ್ ಗೋ' ತಪ್ಪು, 'ವೆನ್ ಹಿ ಕಮ್ಸ್, ಐ ವಿಲ್ ಗೋ' ಸರಿ. ನೌನ್ ಕ್ಲಾಜಿನಲ್ಲಾದರೆ 'ವಿಲ್' ಧಾರಾಳವಾಗಿ ಬರಬಹುದು: 'ಐ ಡೋಂಟ್ ನೋ ವೆನ್ ಹಿ ವಿಲ್ ಕಮ್'. ಅಡ್ವರ್ಬ್ ಕ್ಲಾಜಿನಲ್ಲಿ 'ವಿಲ್' ಹಾಕುವ ತಪ್ಪು ನಮ್ಮ ಕಡೆ ದೊಡ್ಡವರ ಆಫೀಸ್ ಮೇಲ್‌ಗಳಲ್ಲೂ ಜಾಸ್ತಿ.

'ಆಲ್ದೋ' ಬಂದಾಗ ಯಾವ ಪ್ರಶ್ನೆ ಕೇಳಬೇಕು ಅಂತ ಮಕ್ಕಳಿಗೆ ಹೊಳೆಯುವುದಿಲ್ಲ. 'ಏನಿದ್ದರೂ?' ಅಂತ ಕೇಳಿಸಿ. 'ಆಲ್ದೋ ಇಟ್ ರೇನ್ಡ್, ವಿ ವೆಂಟ್.' ಏನಿದ್ದರೂ ಹೋದೆವು? ಮಳೆ ಬಂದರೂ. 'ರೂ' ಒಂದೇ ಸಾಕಲ್ವಾ, ಅದರ ಮೇಲೆ 'ಆದರೆ' ಬೇಡ. ಹಾಗೆಯೇ 'ಆಲ್ದೋ' ಹಾಕಿದ ಮೇಲೆ 'ಬಟ್' ಹಾಕಬಾರದು.

ಕಾಮಾ ಎಲ್ಲಿ ಹಾಕೋದು ಅಂತಲೂ ಕೇಳಿದ್ದೀರಿ. ಅಡ್ವರ್ಬ್ ಕ್ಲಾಜ್ ವಾಕ್ಯದ ಮೊದಲಿಗೆ ಬಂದರೆ ಅದು ಮುಗಿದ ಕೂಡಲೇ ಕಾಮಾ ಹಾಕಬೇಕು. ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಡ. 'ಆಲ್ದೋ' ಕ್ಲಾಜ್ ಮಾತ್ರ ಕೊನೆಯಲ್ಲಿ ಬಂದರೂ ಅದರ ಮುಂಚೆ ಕಾಮಾ ಹಾಕುವುದು ವಾಡಿಕೆ.