ಎಣ್ಣೆಯಲ್ಲಿ ಬಿಚ್ಚಿಕೊಳ್ಳುವ ಆಲೂ ಟಿಕ್ಕಿ

ಪ್ರಶ್ನೆ: ದೆಹಲಿಯಲ್ಲಿದ್ದ ಎರಡು ವರ್ಷ ಚಾಂದನಿ ಚೌಕದ ಆಲೂ ಟಿಕ್ಕಿ ತಿಂದು ನಾಲಗೆಗೆ ಅದರ ರುಚಿ ಹತ್ತಿಬಿಟ್ಟಿದೆ. ಮನೆಯಲ್ಲಿ ಮಾಡಹೊರಟರೆ ಟಿಕ್ಕಿ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಕಾವಲಿಗೆ ಅಂಟುತ್ತದೆ. ಆಲೂಗಡ್ಡೆ ಹೆಚ್ಚಿ, ಕುಕ್ಕರಿನಲ್ಲಿ ಐದು ಕೂಗು ಕೂಗಿಸಿ, ಬಿಸಿಯಿರುವಾಗಲೇ ಹಿಸುಕಿ, ಕಾರ್ನ್‌ಫ್ಲೋರ್ ಬೆರೆಸುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಟಿಕ್ಕಿಯನ್ನು ಕೆಡಿಸುತ್ತಿರುವುದು ನೀರು. ಹೆಚ್ಚಿ ಬೇಯಿಸಿದ ಗಡ್ಡೆ ಕುಕ್ಕರಿನಲ್ಲೇ ಸಾಕಷ್ಟು ನೀರು ಕುಡಿದಿರುತ್ತದೆ. ಅದನ್ನು ಬಿಸಿಬಿಸಿಯಾಗಿ ನಾದಿದಾಗ ಪಿಷ್ಟ ಗೋಂದಿನಂತಾಗಿ ಕೈಗಂಟುತ್ತದೆ, ಎಣ್ಣೆಗೆ ಬಿದ್ದ ಮೇಲೆ ಒಳಗಿನ ನೀರು ಆವಿಯಾಗಿ ಹೊರನುಗ್ಗುತ್ತಾ ಟಿಕ್ಕಿಯನ್ನು ಸೀಳುತ್ತದೆ. ಇದಕ್ಕೆ ಹೆದರಿ ಕಾರ್ನ್‌ಫ್ಲೋರ್ ಸುರಿಯುತ್ತಾ ಹೋದರೆ ಟಿಕ್ಕಿ ನಿಲ್ಲುತ್ತದೆ ನಿಜ, ಆದರೆ ರಬ್ಬರಿನಂತಾಗುತ್ತದೆ. ಅರ್ಧ ಕಿಲೋ ಗಡ್ಡೆಗೆ 2 ದೊಡ್ಡ ಚಮಚ ಧಾರಾಳವಾಯಿತು.

ಗಡ್ಡೆಗಳನ್ನು ಸಿಪ್ಪೆಸಮೇತ ಇಡಿಯಾಗಿ, ಚಾಕು ಸಲೀಸಾಗಿ ಇಳಿಯುವಷ್ಟೇ ಬೇಯಿಸಿ, ನೀರು ಬಸಿದು, ಚೆನ್ನಾಗಿ ಆರಿದ ಮೇಲೆ 2–3 ಗಂಟೆ ಫ್ರಿಜ್ಜಿನಲ್ಲಿಡಿ. ತಣ್ಣಗಾದಂತೆ ಪಿಷ್ಟ ಬಿಗಿದುಕೊಳ್ಳುತ್ತದೆ; ಆಗ ಹಿಸುಕುವ ಬದಲು ತುರಿಮಣೆಯಲ್ಲಿ ತುರಿದರೆ ಗಂಟೂ ಉಳಿಯದು, ಅಂಟೂ ಆಗದು. ಹಸಿ ಗಡ್ಡೆಯನ್ನು ಮಾತ್ರ ಫ್ರಿಜ್ಜಿನಲ್ಲಿಡಬೇಡಿ, ಏಕೆಂದರೆ ಆ ಚಳಿಗೆ ಪಿಷ್ಟದ ಒಂದಂಶ ಸಕ್ಕರೆಯಾಗಿ, ಟಿಕ್ಕಿ ಗರಿಗರಿಯಾಗುವ ಮೊದಲೇ ಕರಕಲಾಗುತ್ತದೆ. ಹಾಸನದ ಕಡೆಯಿಂದ ಮಳೆಗಾಲದ ಬೆಳೆಯಾಗಿ ಬರುವ, ಬೆರಳಿನಿಂದ ಉಜ್ಜಿದರೇ ಸಿಪ್ಪೆ ಬಿಡುವ ಹೊಸ ಗಡ್ಡೆಯಲ್ಲಿ ನೀರಿನಂಶ ಹೆಚ್ಚು. ಅದನ್ನು ಪಲ್ಯಕ್ಕಿಟ್ಟುಕೊಂಡು ಟಿಕ್ಕಿಗೆ ಹಳೆಯ ಗಡ್ಡೆಯನ್ನೇ ಆರಿಸಿಕೊಳ್ಳಿ. ಉಪ್ಪನ್ನು ತಟ್ಟುವ ಹೊತ್ತಿಗೆ ಬೆರೆಸಿ. ಹಸಿ ಈರುಳ್ಳಿ ನೀರು ಬಿಡುವುದರಿಂದ ಹಿಟ್ಟಿಗೆ ಬೇಡವೇ ಬೇಡ.

ದೆಹಲಿಯ ಟಿಕ್ಕಿಯ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಕಡಲೆಬೇಳೆ ಇರುತ್ತದೆ. ಬೆರಳಲ್ಲಿ ಒತ್ತಿದರೆ ಮುರಿಯುವ, ಆದರೆ ಆಕಾರ ಬಿಡದ ಹದಕ್ಕೆ ಬೇಯಿಸಿ, ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆಯೊಂದಿಗೆ ಒಣಗುವಂತೆ ಹುರಿದು ತುಂಬಿ.

ಇನ್ನು ಬೇಯಿಸುವ ಕ್ರಮ. ಅಲ್ಲಿನ ಗಾಡಿಯವರ ಕೈ ಗಮನಿಸಿದ್ದೀರಲ್ಲವೇ? ಅರೆಬೆಂದ ಟಿಕ್ಕಿಗಳನ್ನು ದೊಡ್ಡ ಕಾವಲಿಯ ಅಂಚಿಗೆ ಸರಿಸಿಟ್ಟು, ಗಿರಾಕಿ ಬಂದಾಗ ನಡುವಿಗೆಳೆದು, ಸಟ್ಟುಗದಿಂದ ಒತ್ತಿ ಎರಡನೆಯ ಸಲ ಕೆಂಪಗೆ ಮಾಡುತ್ತಾರೆ. ಆ ದಪ್ಪ ಕವಚ ಬರುವುದು ಈ ಎರಡು ಸಲದ ಬೇಯಿಸುವಿಕೆಯಿಂದಲೇ. ನೀವೂ ದಪ್ಪ ತಳದ ಕಾವಲಿಯಲ್ಲಿ ಸಾಧಾರಣ ಉರಿಯಲ್ಲಿ ಬೇಯಿಸಿ. ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ಟಿಕ್ಕಿಯನ್ನು ಅಲುಗಿಸದಿದ್ದರೆ ಅದು ತಾನಾಗಿಯೇ ತಳ ಬಿಡುತ್ತದೆ.

ನಮ್ಮ ಕಡೆ ಟಿಕ್ಕಿಯ ಮೇಲೆ ಬಿಸಿ ಬಟಾಣಿ ಮಸಾಲೆ ಸುರಿಯುವುದುಂಟು. ರುಚಿಯಲ್ಲಿ ತಕರಾರಿಲ್ಲ, ಗರಿ ಮಾತ್ರ ಒಂದೇ ನಿಮಿಷದಲ್ಲಿ ಹೋಗುತ್ತದೆ. ಕಡೆದ ಗಟ್ಟಿ ಮೊಸರು, ಹುಣಸೆ-ಬೆಲ್ಲ-ಒಣಶುಂಠಿಯ ಸೋಂಠ್ ಚಟ್ನಿ, ಪುದೀನ ಚಟ್ನಿ, ಹುರಿದ ಜೀರಿಗೆ ಪುಡಿ ಮತ್ತು ಕಪ್ಪುಪ್ಪು ಇದ್ದರೆ ಸಾಕು. ಇವನ್ನೆಲ್ಲ ತಿನ್ನುವವರು ತಟ್ಟೆಯ ಮುಂದೆ ಕುಳಿತ ಮೇಲೆಯೇ ಹಾಕಿ.