ಥಂಡರ್‌ಬರ್ಡ್‌ನಲ್ಲಿ ಬರೆದ ಕಾರ್ಯಕ್ರಮ ಫೋನಿನ ಗೂಗಲ್ ಕ್ಯಾಲೆಂಡರ್‌ಗೆ ಬರ್ತಿಲ್ಲ, ಏನು ಮಾಡಲಿ?

ನಮಸ್ಕಾರ. ಪುಣೆಯಲ್ಲಿ ನಿಮ್ಮ ಕನ್ನಡ ಸಂಘದ ಕ್ಯಾಲೆಂಡರ್ ನೀವು ನೋಡಿಕೊಳ್ಳುತ್ತೀರಿ. ಗೂಗಲ್ ಕ್ಯಾಲೆಂಡರ್‌ನ ಐಸಿಎಸ್ ಲಿಂಕ್ ತೆಗೆದು ಕಂಪ್ಯೂಟರಿನಲ್ಲಿ ಮೇಲ್, ಕ್ಯಾಲೆಂಡರ್ ನೋಡುವ ಥಂಡರ್‌ಬರ್ಡ್ ತಂತ್ರಾಂಶಕ್ಕೆ ಹಾಕಿದ್ದೀರಿ. ಫೋನಿನಲ್ಲಿ ಬರೆದದ್ದು ಕಂಪ್ಯೂಟರಿನಲ್ಲಿ ಕಾಣುತ್ತದೆ, ಕಂಪ್ಯೂಟರಿನಲ್ಲಿ ಬರೆದದ್ದು ಫೋನಿಗೆ ಬರುವುದಿಲ್ಲ. ಇದೇ ಅಲ್ವಾ ತೊಂದರೆ? ಡೊಂಬಿವಲಿಯಲ್ಲಿ ನಮ್ಮ ಸಂಘಕ್ಕೆ ನಾನೂ ಇದೇ ಕೆಲಸ ಮಾಡುತ್ತೇನೆ. ಹಾಲ್ ಬುಕಿಂಗ್, ನಾಟಕದ ತಾಲೀಮು, ಮಕ್ಕಳ ಕನ್ನಡ ಕ್ಲಾಸು ಎಲ್ಲವೂ ಒಂದೇ ಕ್ಯಾಲೆಂಡರ್‌ನಲ್ಲಿ ಇರುತ್ತವೆ. ಹಾಗಾಗಿ ಇದು ಸರಿಯಾಗಿ ನಡೆಯುವುದು ಎಷ್ಟು ಮುಖ್ಯ ಅಂತ ಚೆನ್ನಾಗಿ ಗೊತ್ತು.

ಐಸಿಎಸ್ ಲಿಂಕ್ ಅಂದರೆ ಸೊಸೈಟಿಯ ಗಾಜಿನ ನೋಟಿಸ್ ಬೋರ್ಡ್ ಇದ್ದ ಹಾಗೆ. ಓದಬಹುದು, ಬರೆಯಲು ಆಗುವುದಿಲ್ಲ. ಎರಡೂ ಕಡೆಯಿಂದ ಬರೆಯಬೇಕು ಅಂದರೆ ಕ್ಯಾಲ್‌ಡ್ಯಾವ್ ಬೇಕು. ಕ್ಯಾಲೆಂಡರ್‌ಗಳು ಇಂಟರ್‌ನೆಟ್ ಮೂಲಕ ಮಾತಾಡಿಕೊಳ್ಳಲು 2007ರಲ್ಲಿ ಬಂದ ಮಾನದಂಡ ಇದು. ಗೂಗಲ್, ಥಂಡರ್‌ಬರ್ಡ್ ಎರಡಕ್ಕೂ ಗೊತ್ತು.

ಕ್ಯಾಲ್‌ಡ್ಯಾವ್ ಜೋಡಿಸುವುದು ಹೀಗೆ: ಮೊದಲು ಐಸಿಎಸ್ ಕ್ಯಾಲೆಂಡರನ್ನು ಥಂಡರ್‌ಬರ್ಡ್‌ನಿಂದ ತೆಗೆದುಬಿಡಿ. ಗೂಗಲ್‌ನಲ್ಲಿರುವ ಮೂಲಕ್ಕೆ ಏನೂ ಆಗುವುದಿಲ್ಲ. ಆಮೇಲೆ ಕ್ಯಾಲೆಂಡರ್ ಪುಟದಲ್ಲಿ ‘ನ್ಯೂ ಕ್ಯಾಲೆಂಡರ್’ ಒತ್ತಿ, ‘ಆನ್ ದ ನೆಟ್‌ವರ್ಕ್’ ಆರಿಸಿ. ಯೂಸರ್‌ನೇಮ್ ಜಾಗದಲ್ಲಿ ಜಿಮೇಲ್ ವಿಳಾಸ ಹಾಕಿ, ‘ಫೈಂಡ್ ಕ್ಯಾಲೆಂಡರ್ಸ್’ ಒತ್ತಿ. ಗೂಗಲ್‌ನ ಲಾಗಿನ್ ಕಿಟಕಿ ತೆರೆಯುತ್ತದೆ. ಅಲ್ಲಿ ಅನುಮತಿ ಕೊಟ್ಟರೆ ನಿಮ್ಮ ಕ್ಯಾಲೆಂಡರ್‌ಗಳ ಪಟ್ಟಿ ಬರುತ್ತದೆ. ಸಂಘದ್ದಕ್ಕೆ ಟಿಕ್ ಮಾಡಿ ‘ಸಬ್‌ಸ್ಕ್ರೈಬ್’ ಒತ್ತಿದರೆ ಆಯಿತು. ಹಳೇ ಲೇಖನಗಳಲ್ಲಿ ಲೈಟ್ನಿಂಗ್ ಆಡ್-ಆನ್ ಹಾಕಿ ಅಂತ ಇರುತ್ತದೆ, ಅದನ್ನು ಬಿಡಿ. 2020ರ 78ನೇ ಆವೃತ್ತಿಯಿಂದ ಕ್ಯಾಲೆಂಡರ್ ಥಂಡರ್‌ಬರ್ಡ್‌ನ ಒಳಗೇ ಇದೆ.

ಈಗ ಜನ ಜಾಸ್ತಿ ಸಿಕ್ಕಿಕೊಳ್ಳುವ ಜಾಗಕ್ಕೆ ಬರೋಣ. ಥಂಡರ್‌ಬರ್ಡ್‌ನಲ್ಲಿ ‘ಹೋಮ್’ ಅಂತ ಒಂದು ಕ್ಯಾಲೆಂಡರ್ ಮೊದಲೇ ಇರುತ್ತದೆ. ಅದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುವಂಥದ್ದು, ಎಲ್ಲಿಗೂ ಹೋಗುವುದಿಲ್ಲ. ಹೊಸ ಕಾರ್ಯಕ್ರಮ ಬರೆಯುವಾಗ ‘ಕ್ಯಾಲೆಂಡರ್’ ಅನ್ನುವ ಸಾಲಿನಲ್ಲಿ ‘ಹೋಮ್’ ಅಂತ ಇದ್ದರೆ ಬರೆದದ್ದೆಲ್ಲ ಅಲ್ಲೇ ಕೂತಿರುತ್ತದೆ. ಪರದೆಯ ಮೇಲೆ ಎಲ್ಲಾ ಒಟ್ಟಿಗೆ ಕಾಣುವುದರಿಂದ ಸಿಂಕ್ ಆಗಿದೆ ಅಂತಲೇ ಅನಿಸುತ್ತದೆ. ನಿಮ್ಮ ಹಳೇ ಕಾರ್ಯಕ್ರಮಗಳೂ ಬಹುಶಃ ಅಲ್ಲೇ ಇವೆ. ಒಂದೊಂದನ್ನೇ ತೆರೆದು ಆ ಸಾಲಿನಲ್ಲಿ ಸಂಘದ ಕ್ಯಾಲೆಂಡರ್ ಆರಿಸಿ ಸೇವ್ ಮಾಡಿ. ಎಲ್ಲಾ ಸಾಗಿಸಿದ ಮೇಲೆ ‘ಹೋಮ್’ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ಗೆ ಹೋಗಿ ಅದನ್ನು ಆಫ್ ಮಾಡಿಬಿಡಿ. ಇನ್ನು ಯಾರೂ ಅಲ್ಲಿ ಬರೆಯುವ ಹಾಗಿಲ್ಲ.

ಸಂಘದ ಕ್ಯಾಲೆಂಡರ್‌ನ ‘ಪ್ರಾಪರ್ಟೀಸ್’ ಕೂಡ ನೋಡಿ. ‘ರೀಡ್ ಓನ್ಲಿ’ಗೆ ಟಿಕ್ ಇರಬಾರದು. ಎಷ್ಟು ನಿಮಿಷಕ್ಕೊಮ್ಮೆ ರಿಫ್ರೆಶ್ ಆಗಬೇಕು ಅನ್ನುವುದೂ ಅಲ್ಲೇ ಇದೆ. 30 ನಿಮಿಷ ಇದ್ದರೆ 5ಕ್ಕೆ ಇಳಿಸಿ. ಹಾಲ್ ಖಾಲಿ ಇದೆಯಾ ಅಂತ ಯಾರೋ ಫೋನ್ ಮಾಡಿ ಕೇಳುವಾಗ ಅರ್ಧ ಗಂಟೆ ಹಿಂದಿನ ಪುಟ ನೋಡಿ ಹೇಳಿದರೆ ಎರಡು ಬುಕಿಂಗ್ ಡಿಕ್ಕಿ ಹೊಡೆಯುತ್ತವೆ.

ಇಷ್ಟಾದರೂ ಬರದಿದ್ದರೆ ಎಲ್ಲಿ ಕಡಿದಿದೆ ಅಂತ ಹುಡುಕಿ. ಥಂಡರ್‌ಬರ್ಡ್‌ನಲ್ಲಿ ಸುಮ್ನೆ ಒಂದು ಕಾರ್ಯಕ್ರಮ ಬರೆದು ಸಿಂಕ್ ಒತ್ತಿ. ಫೋನ್ ನೋಡುವ ಮೊದಲು ಬ್ರೌಸರಿನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆಯಿರಿ. ಅಲ್ಲಿ ಬಂದಿದ್ದು ಫೋನಿಗೆ ಬಂದಿಲ್ಲ ಅಂದರೆ ತೊಂದರೆ ಫೋನಿನದು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಕ್ಯಾಲೆಂಡರ್‌ನ ಸಿಂಕ್ ಆನ್ ಮಾಡಿ. ಬ್ರೌಸರಿಗೇ ಬಂದಿಲ್ಲ ಅಂದರೆ ಅನುಮತಿ ನೋಡಿ. ಕ್ಯಾಲೆಂಡರ್ ಬೇರೆಯವರ ಖಾತೆಯಲ್ಲಿದ್ದು, ಅವರು ನಿಮಗೆ ನೋಡಲು ಮಾತ್ರ ಹಂಚಿರಬಹುದು. ಬದಲಾವಣೆ ಮಾಡುವ ಅನುಮತಿಯನ್ನು ಅವರೇ ಕೊಡಬೇಕು.

ಹಬ್ಬಗಳ ಬಗ್ಗೆಯೂ ಕೇಳಿದ್ದೀರಿ, ‘ವರ್ಷಕ್ಕೊಮ್ಮೆ’ ಅಂತ ಹಾಕಿದರೆ ಸಾಕಾ ಅಂತ. ಮೇ 1ರ ಮಹಾರಾಷ್ಟ್ರ ದಿನ, ನವೆಂಬರ್ 1ರ ರಾಜ್ಯೋತ್ಸವಕ್ಕೆ ಸಾಕು. ತಿಥಿಯ ಮೇಲೆ ನಡೆಯುವ ಹಬ್ಬಕ್ಕೆ ಬೇಡ. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ವಿಸರ್ಜನೆ ದಿನ ಪುಣೆಯ ಪೇಟೆ ರಸ್ತೆಗಳೇ ಬಂದ್ ಇರುತ್ತವೆ, ಅವತ್ತಿಗೆ ಸಭೆ ಇಟ್ಟರೆ ಯಾರು ಬರುತ್ತಾರೆ? ಪ್ರತಿ ವರ್ಷ ಪಂಚಾಂಗ ನೋಡಿ ಕೈಯಾರೆ ಹಾಕುವುದೇ ಒಳ್ಳೆಯದು.

ಇನ್ನೊಂದು ಮಾತು. ನೀವು ಮೊದಲು ಬಳಸಿದ ಐಸಿಎಸ್ ಲಿಂಕ್ ಗೂಗಲ್ ಕೊಡುವ ‘ಸೀಕ್ರೆಟ್ ಅಡ್ರೆಸ್’ ಆಗಿದ್ದು, ಅದನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿದ್ದರೆ ಇವತ್ತೇ ಗೂಗಲ್ ಕ್ಯಾಲೆಂಡರ್ ಸೆಟ್ಟಿಂಗ್ಸ್‌ಗೆ ಹೋಗಿ ‘ರೀಸೆಟ್’ ಮಾಡಿ. ಆ ಲಿಂಕ್ ಯಾರ ಕೈಗೆ ಸಿಕ್ಕರೂ ಪಾಸ್‌ವರ್ಡ್ ಇಲ್ಲದೆ ಎಲ್ಲಾ ಓದಬಹುದು. ಬುಕಿಂಗ್ ಮಾಡಿದವರ ಫೋನ್ ನಂಬರ್ ಬರೆದಿಟ್ಟಿದ್ದರೆ ಅದೂ ಕಾಣುತ್ತದೆ.