ಹತ್ತು ಬೆರಳಿನ ವರದಿ

(ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಮೇ ತಿಂಗಳಲ್ಲಿ ಮಂಡ್ಯ ಕಡೆಯಿಂದ ಅಪ್ಪ, ಅಮ್ಮ, ಮಗಳು ಮನಶ್ಶಾಸ್ತ್ರಜ್ಞೆಯಾದ ನನ್ನ ಮೈಸೂರಿನ ಕೋಣೆಗೆ ಬಂದರು. ಅಪ್ಪನದು ಸ್ವಂತ ಆಲೆಮನೆ. ಮಗಳನ್ನು ಪವಿತ್ರಾ ಅನ್ನೋಣ, ಆಗಷ್ಟೇ ಎಸ್‌ಎಸ್‌ಎಲ್‌ಸಿ ಮುಗಿಸಿದ್ದಳು. ಅಪ್ಪ ಮೇಜಿನ ಮೇಲಿಟ್ಟದ್ದು ಮಾರ್ಕ್ಸ್ ಕಾರ್ಡ್ ಅಲ್ಲ, ಬಣ್ಣಬಣ್ಣದ ದಪ್ಪ ಪುಸ್ತಕ. ಡಿಎಂಐಟಿ ವರದಿ. ಹತ್ತೂ ಬೆರಳಿನ ಗೆರೆ ಸ್ಕ್ಯಾನ್ ಮಾಡಿ ಮಗುವಿನ ಬುದ್ಧಿ ಯಾವುದರಲ್ಲಿ ಜಾಸ್ತಿ, ಯಾವುದರಲ್ಲಿ ಕಮ್ಮಿ ಅಂತ ಹೇಳುತ್ತಾರಂತೆ. 6,000 ರೂಪಾಯಿ ಕೊಟ್ಟಿದ್ದರು.

ಪವಿತ್ರಾಗೆ ಸೈನ್ಸ್ ತಗೊಳ್ಳುವ ಆಸೆ. ಆದರೆ ಲೆಕ್ಕದ ಬುದ್ಧಿ ಕಮ್ಮಿ ಅಂದಿತ್ತು ವರದಿ. ಅವತ್ತಿನಿಂದ ಗಣಿತದ ಪುಸ್ತಕ ಮುಟ್ಟಿಲ್ಲ ಅಂತ ಅಮ್ಮ ಹೇಳಿದರು. "ನನ್ ಬ್ರೈನೇ ಹಂಗೆ ಮೇಡಂ," ಅಂದಳು ಹುಡುಗಿ, ನೆಲ ನೋಡುತ್ತಾ. ಗಣಿತದಲ್ಲಿ 100ಕ್ಕೆ 81 ತೆಗೆದವಳು!

ನಾನು ವರದಿ ತಿರುವಿ ನಕ್ಕುಬಿಟ್ಟೆ. ಅದು ನನ್ನ ತಪ್ಪು. ಅಪ್ಪನ ಮುಖ ಬಿಗಿಯಾಯಿತು. ದುಡ್ಡು ಕೊಟ್ಟು ಮೋಸ ಹೋದೆ ಅಂತ ಹೆಂಡತಿ ಮಗಳ ಎದುರು ಒಪ್ಪಿಕೊಳ್ಳೋದು ಯಾರಿಗೆ ತಾನೇ ಸುಲಭ? ಮುಂದಿನ ವಾರ ಬನ್ನಿ ಅಂದೆ, ಬರುತ್ತಾರೆ ಅನ್ನುವ ನಂಬಿಕೆ ಇರಲಿಲ್ಲ. ಬಂದರು, ಒಂದು ಪೊಟ್ಟಣ ಅಚ್ಚು ಬೆಲ್ಲದ ಜೊತೆ.

ಈ ಸಲ ಅಪ್ಪ ಅಮ್ಮ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. "ಇದರಲ್ಲಿರೋದು ಪವಿತ್ರಾಗೆ ಎಷ್ಟು ಹೊಂದುತ್ತೆ? 5ಕ್ಕೆ ಮಾರ್ಕ್ಸ್ ಹಾಕಿ." ಹೊರಗೆ ಧೈರ್ಯ ಕಂಡರೂ ಒಳಗೆ ಅಳುಕು ಇದೆ, ನಾಲ್ಕು ಜನ ಮೆಚ್ಚಬೇಕು ಅನ್ನಿಸುತ್ತದೆ, ಇರುವ ಶಕ್ತಿಯನ್ನು ಇನ್ನೂ ಪೂರ್ತಿ ಬಳಸಿಲ್ಲ, ಹೀಗೆ ಎಂಟು ಹತ್ತು ಸಾಲು. ಅಪ್ಪ 4 ಹಾಕಿದರು, ಅಮ್ಮ 5. "ನಮ್ ಮಗೀನ್ ಜೊತೇಲೇ ಇದ್ದು ಬರ್ದಂಗದೆ," ಅಂದರು ಅಮ್ಮ.

ಆ ಹಾಳೆ ನನ್ನ ಡ್ರಾಯರಿನಲ್ಲಿ ಎರಡು ವರ್ಷದಿಂದ ಇದೆ. ಎಲ್ಲರಿಗೂ ಅದೇ ಕೊಡೋದು. ಪವಿತ್ರಾ ಫಕ್ಕನೆ ನಕ್ಕಳು. ಉಪಾಯ ನನ್ನದಲ್ಲ. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಅನ್ನುವ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ 'ಇದು ನಿನ್ನ ಸ್ವಭಾವ' ಅಂತ, ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದವನ ಹಾಗೆ, ಒಂದೊಂದು ಹಾಳೆ ಕೊಟ್ಟ. ಎಲ್ಲರ ಕೈಗೂ ಹೋಗಿದ್ದು ಒಂದೇ ಬರಹ, ಸಾಲುಗಳು ಜ್ಯೋತಿಷ್ಯದ ಪುಸ್ತಕದ್ದು. ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26.

ಅಪ್ಪ ಬಿಡಲಿಲ್ಲ. "ಒಬ್ಬರ ಬೆರಳಚ್ಚು ಇನ್ನೊಬ್ರಿಗಿರಲ್ಲ. ಅದು ಸೈನ್ಸೇ ತಾನೆ?"

ಒಳ್ಳೆಯ ಪ್ರಶ್ನೆ. ಬೆರಳಿನ ಗೆರೆ ತಾಯಿ ಹೊಟ್ಟೆಯಲ್ಲೇ ಮೂಡುತ್ತದೆ ಅನ್ನೋದೂ ನಿಜ. ಬುದ್ಧಿ ಒಂದೇ ಅಲ್ಲ, ಹಲವು ಬಗೆಯದು ಅನ್ನುವ 'ಬಹುಬುದ್ಧಿ' ವಾದವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಮುಂದಿಟ್ಟಿದ್ದೂ ನಿಜ, ಅದರ ಬಗ್ಗೆ ತಜ್ಞರಲ್ಲಿ ಇನ್ನೂ ಜಗಳ ಇದೆ, ಇರಲಿ. ಆದರೆ ಗೆರೆ ನೋಡಿ ಆ ಬುದ್ಧಿಯನ್ನು ಅಳೆಯಬಹುದು ಅಂತ ಯಾರೂ ತೋರಿಸಿಲ್ಲ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಎರಡು ನಿಜದ ನಡುವೆ ಒಂದು ಸುಳ್ಳನ್ನು ಕೂರಿಸಿದ್ದಾರೆ, ಅಷ್ಟೆ.

ಅವರಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಆಗ ಬೆಲ್ಲದ ಪೊಟ್ಟಣ ಕಣ್ಣಿಗೆ ಬಿತ್ತು. "ಯಜಮಾನ್ರೇ, ಪಾಕ ಬಂತು ಅಂತ ಹೆಂಗೆ ಗೊತ್ತಾಗುತ್ತೆ?"

"ಕೊಪ್ಪರಿಗೆಯಿಂದ ಒಸಿ ತಗ್ದು ತಣ್ಣೀರಿಗೆ ಬುಡೋದು. ಉಂಡೆ ಕಟ್ಟುದ್ರೆ ಇಳ್ಸೋದು. ಕರಗೋದ್ರೆ ಇನ್ನೂ ಉರಿ ಹಾಕೋದು."

"ಕರಗಿಹೋದರೂ ಪಾಕ ಬಂದಿದೆ ಅನ್ನೋನನ್ನ ಕೆಲಸಕ್ಕೆ ಇಟ್ಕೋತೀರಾ?"

"ಒಂದಿನಾನೂ ಇಲ್ಲ."

ವರದಿ ತೆರೆದು ತೋರಿಸಿದೆ. ಗಣಿತದಲ್ಲಿ ಕಮ್ಮಿ ಬಂದರೆ 'ಹುಟ್ಟಿನಿಂದಲೇ ಕಮ್ಮಿ' ಅನ್ನುತ್ತದೆ. ಜಾಸ್ತಿ ಬಂದರೆ 'ಶ್ರಮದಿಂದ ಬಂದದ್ದು' ಅಂತ ಇನ್ನೊಂದು ಪುಟದಲ್ಲಿದೆ. ಹಾಗಾದರೆ ಇದು ತಪ್ಪಾಗೋದು ಯಾವಾಗ? ಅವರು ಪುಟ ಹಿಂದೆ ಮುಂದೆ ತಿರುವುತ್ತಾ ಸುಮ್ಮನೆ ಕೂತರು.

"ನಿಮ್ದು ಮಾತ್ರ ತಪ್ಪಾಗಲ್ವಾ?" ಅಮ್ಮ ಕೇಳಿದರು. ಆಗುತ್ತೆ. ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಮಾತ್ರ ನಿಂತವು. 2015ರಲ್ಲಿ ಅದನ್ನು ಪ್ರಕಟಿಸಿದ್ದು ಮನಶ್ಶಾಸ್ತ್ರಜ್ಞರೇ. ನಮ್ಮ ಮಾನ ಹೋಯ್ತು ನಿಜ, ಆದರೆ ತಣ್ಣೀರಿಗೆ ಬಿಟ್ಟು ನೋಡಿದವರೂ ನಾವೇ.

ಸಲಹೆ ಅಂತ ಕೊಟ್ಟಿದ್ದು ದೊಡ್ಡದೇನಲ್ಲ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಅಂಕ ಒಟ್ಟಿಗಿಟ್ಟು ನೋಡಿ. ದಿನಕ್ಕೆ ಅರ್ಧ ಗಂಟೆ ಲೆಕ್ಕ ಮಾಡಿ, ಯಾವ ಥರದ್ದು ಕೈಕೊಡುತ್ತೆ ಅಂತ ಪವಿತ್ರಾ ಬರೆದಿಡಲಿ. ಪಿಯುಸಿ ಸೈನ್ಸ್ ಓದುತ್ತಿರುವ ಇಬ್ಬರು ಹುಡುಗಿಯರ ಹತ್ತಿರ ಮಾತಾಡಲಿ. ಮುಂದೆ ಯಾರೇ ಆಪ್ಟಿಟ್ಯೂಡ್ ಟೆಸ್ಟ್ ಅಂತ ಬಂದರೂ ಎರಡು ಮಾತು ಕೇಳಿ: ನಮ್ಮಂಥ ಮಕ್ಕಳ ಮೇಲೆ ಇದನ್ನ ಮಾಡಿ ನೋಡಿದ್ದೀರಾ? ಮುಂದಿನ ತಿಂಗಳು ಮತ್ತೆ ಕೂತರೆ ಇದೇ ಉತ್ತರ ಬರುತ್ತಾ? ಆ 6,000ದ ಮಾತನ್ನು ಮನೆಯಲ್ಲಿ ಎತ್ತಬೇಡಿ ಅಂತ ಅಮ್ಮನಿಗೆ ಬೇರೆಯಾಗಿ ಹೇಳಿದೆ.

ಪವಿತ್ರಾ ಸೈನ್ಸ್‌ಗೇ ಸೇರಿದಳು. ಆಗಸ್ಟಿನಲ್ಲಿ ಫೋನ್ ಬಂತು, ದನಿ ನಡುಗುತ್ತಿತ್ತು. ಮೊದಲ ಟೆಸ್ಟಿನಲ್ಲಿ ಗಣಿತಕ್ಕೆ 25ಕ್ಕೆ 11. "ಮೇಡಂ, ಅದು ನಿಜಾನೇ ಇರ್ಬೋದಾ?"

ಯಾವ ಲೆಕ್ಕ ಹೋಯ್ತು ಅಂತ ಕೇಳಿದೆ. ಹಾಳೆ ತಿರುವುವ ಸದ್ದು. "ರೇಡಿಯನ್ನಿಂದು ಎಲ್ಲಾ ಹೋಗಿದೆ." ಸ್ವಲ್ಪ ತಡೆದು ಹೇಳಿದಳು, "ಕ್ಲಾಸಲ್ಲಿ ಅದನ್ನ ಮಾಡೋವಾಗ ನಂಗೆ ನಾಲ್ಕು ದಿನ ಜ್ವರ ಇತ್ತು."

ಗೆಳತಿಯ ನೋಟ್ಸ್ ಇಸ್ಕೊ ಅಂದೆ.